ಎಲೆಯಿಂದ ಶುರುವಾಗಬೇಕಾದ ಪಟ್ಟಿ

ಹಳೇ ಮೈಸೂರು ಸೀಮೆಯಲ್ಲಿ ಮದುವೆ ಗೊತ್ತಾದ ಮೇಲೆ ಹಿರಿಯರು ಕೂತು ಬರೆಯುವ ಖರ್ಚಿನ ಪಟ್ಟಿ ಸಾಮಾನ್ಯವಾಗಿ ಛತ್ರದಿಂದ ಶುರುವಾಗುತ್ತದೆ. ಆಮೇಲೆ ಒಡವೆ, ಜವಳಿ, ಅಡುಗೆ, ಹೂವಿನ ಅಲಂಕಾರ, ವಾಲಗ, ಫೋಟೊ, ಪುರೋಹಿತರ ದಕ್ಷಿಣೆ, ಕೊನೆಗೆ ‘ಇತರೆ’. ಒಂದೊಂದರ ಮುಂದೂ ಒಂದು ಮೊತ್ತ. ನೋಡುವುದಕ್ಕೆ ಶಿಸ್ತಿನ ಲೆಕ್ಕವೇ. ಆದರೂ ಮುಹೂರ್ತದ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಆ ಪಟ್ಟಿಯನ್ನು ಯಾರೂ ತೆರೆದು ನೋಡುವುದಿಲ್ಲ. ಬೆಲೆ ಏರಿಬಿಟ್ಟಿತು ಎಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಪಟ್ಟಿ ಬರೆಯುವ ಕ್ರಮವೇ ತಪ್ಪಿದೆ ಎಂಬುದು ನನ್ನ ಅಭಿಪ್ರಾಯ.

ಎಷ್ಟು ಎಲೆ ಎಂಬುದು ತೀರ್ಮಾನವಾಗುವ ಮೊದಲೇ ಛತ್ರಕ್ಕೆ ಮುಂಗಡ ಹೋಗಿರುತ್ತದೆ. ಆಷಾಢದಲ್ಲಿ, ಧನುರ್ಮಾಸದಲ್ಲಿ ಮದುವೆಯಿಲ್ಲ. ಉಳಿದ ತಿಂಗಳುಗಳ ಒಳ್ಳೆಯ ಲಗ್ನಗಳಿಗೆ ಎಲ್ಲರೂ ಒಟ್ಟಿಗೆ ಮುಗಿಬೀಳುವುದರಿಂದ ಸಿಕ್ಕ ಛತ್ರವನ್ನು ಹಿಡಿದುಬಿಡುತ್ತೇವೆ. ಸಾವಿರ ಜನ ಹಿಡಿಸುವ ಛತ್ರ ಸಿಕ್ಕಿದರೆ ಸಾವಿರ ಜನರನ್ನು ಕರೆಯುವ ಧೈರ್ಯ ತಾನಾಗಿ ಬರುತ್ತದೆ. ಕರೆಂಟು, ಜನರೇಟರ್ ಡೀಸೆಲ್, ಶುಚಿ ಮಾಡುವವರ ಕೂಲಿ ಬಾಡಿಗೆಯೊಳಗೆ ಬರುತ್ತವೆಯೇ ಎಂದು ರಸೀತಿ ಬರೆಸುವಾಗಲೇ ಕೇಳಬೇಕು. ಛತ್ರದ ಬಗ್ಗೆ ಇಷ್ಟು ಸಾಕು.

ಅಡುಗೆಯವರ ಮಾತು ನೇರ: ಎಲೆಗೆ ಇಷ್ಟು, ಕನಿಷ್ಠ ಇಷ್ಟು ಎಲೆ. ಎಲೆಗೆ 400 ರೂಪಾಯಿ ಎಂದಿಟ್ಟುಕೊಳ್ಳೋಣ. 800 ಎಲೆಗೆ 3,20,000 ಆಗುತ್ತದೆ. ಇನ್ನೂರು ಜನ ಹೆಚ್ಚು ಬಂದರೆ ಇನ್ನೂ 80,000 ಸೇರುತ್ತದೆ. ಇನ್ನೂರು ಜನ ಬಾರದೆ ಹೋದರೆ ಏನೂ ಇಳಿಯುವುದಿಲ್ಲ, ಒಪ್ಪಿಕೊಂಡ ಎಲೆಗೆ ದುಡ್ಡು ಕೊಡಲೇಬೇಕು. ಇದು ಒಂದು ಹೊತ್ತಿನ ಲೆಕ್ಕ. ಚಪ್ಪರದ ಊಟ, ಆರತಕ್ಷತೆ, ಬೆಳಗಿನ ತಿಂಡಿ, ಧಾರೆಯ ಊಟ, ಆಮೇಲೆ ಬೀಗರೂಟ, ಪ್ರತಿಯೊಂದಕ್ಕೂ ಬರುವ ಜನ ಬೇರೆ, ದರವೂ ಬೇರೆ. ಬೀಗರೂಟದ ಮಾಂಸದಡುಗೆಯನ್ನು ಧಾರೆಯ ಊಟದ ದರದಲ್ಲೇ ಗುಣಿಸಿಟ್ಟ ಪಟ್ಟಿಗಳನ್ನು ನೋಡಿದ್ದೇನೆ. ತಾಂಬೂಲದ ಚೀಲವೂ ತಲೆಗೊಂದರಂತೆ ಹೋಗುವುದೇ, ಆದರೆ ಅದನ್ನು ‘ಇತರೆ’ಗೆ ತಳ್ಳಿರುತ್ತಾರೆ.

ಒಡವೆಯನ್ನು ರೂಪಾಯಿಯಲ್ಲಿ ಬರೆದಿಡುವುದು ಇನ್ನೊಂದು ತಪ್ಪು. ಮಾತು ನಡೆಯುವುದು ಗ್ರಾಂ ಲೆಕ್ಕದಲ್ಲಿ. 80 ಗ್ರಾಂ ಮಾಡಿಸಬೇಕೆಂದಿರುವ ಮನೆಗೆ, ಗ್ರಾಮಿಗೆ 500 ರೂಪಾಯಿ ಏರಿದರೆ 40,000 ಹೆಚ್ಚು ಬೇಕು. ಮಜೂರಿ, ವೇಸ್ಟೇಜು, ಜಿಎಸ್‌ಟಿ ಬೇರೆ. ಇಷ್ಟು ಗ್ರಾಂ ಹಾಕಿ ಎಂದು ಗಂಡಿನ ಕಡೆಯವರು ಕೇಳಿದ್ದರಂತೂ ಅದನ್ನು ಖರ್ಚಿನ ಬಾಬ್ತು ಎನ್ನುವಂತೆಯೇ ಇಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಅದು ಅಪರಾಧ. ಆ ಕಾಯ್ದೆಯಡಿ 1985ರಲ್ಲಿ ಬಂದ ನಿಯಮಗಳು ವಧೂವರರಿಗೆ ಬಂದ ಉಡುಗೊರೆಗಳನ್ನು ಅಂದಾಜು ಬೆಲೆ, ಕೊಟ್ಟವರ ಹೆಸರಿನ ಸಮೇತ ಬರೆದು ಸಹಿ ಮಾಡಿಡಬೇಕೆನ್ನುತ್ತವೆ. ಬಾಳೆಕಂದಿನವರೆಗೆ ಖರ್ಚು ಬರೆಯುವ ನಾವು ಈ ಪಟ್ಟಿಯ ಗೋಜಿಗೇ ಹೋಗುವುದಿಲ್ಲ. ಮುಂದೆ ಹೆಣ್ಣುಮಗಳಿಗೆ ಕಷ್ಟ ಬಂದರೆ ಅವಳ ಕೈಯಲ್ಲಿರಬೇಕಾದ ಕಾಗದ ಅದು.

ನನಗೆ ಹೆಚ್ಚು ಭಯ ಹುಟ್ಟಿಸುವ ಸಾಲು ಜಮೆಯ ಕಡೆ ಇರುತ್ತದೆ. “ಮುಯ್ಯಿ ಎರಡು ಲಕ್ಷ ಬರುತ್ತೆ ಬಿಡಿ” ಎಂದು ಯಾರೋ ಹೇಳುತ್ತಾರೆ, ಅದನ್ನು ಖರ್ಚಿನಿಂದ ಕಳೆದುಬಿಡುತ್ತಾರೆ. ಮುಯ್ಯಿ ಪದ್ಧತಿಯ ಮೇಲೆ ನನಗೆ ಗೌರವವಿದೆ. ಬ್ಯಾಂಕಿನ ಮುಖ ಕಾಣದ ಕುಟುಂಬಗಳು ಮದುವೆ ಮಾಡಲು ಊರು, ನೆಂಟರು ಹೆಗಲು ಕೊಟ್ಟದ್ದು ಅದರ ಮೂಲಕ. ಆದರೆ ಬರೆಸಿಕೊಂಡ ಪ್ರತಿ ಹೆಸರಿಗೂ, ಅವರ ಮನೆಯಲ್ಲಿ ಶುಭಕಾರ್ಯವಾದಾಗ, ಒಂದಿಷ್ಟು ಸೇರಿಸಿ ಹಿಂದಿರುಗಿಸಬೇಕು. ಮೇಲಾಗಿ ಮುಂಗಡಗಳೆಲ್ಲ ಮದುವೆಗೆ ಮೊದಲೇ ಹೋಗುತ್ತವೆ, ಮುಯ್ಯಿ ಬರುವುದು ಮದುವೆಯ ದಿನ. ನಡುವಿನ ತಿಂಗಳುಗಳನ್ನು ಕೈಸಾಲ ತುಂಬುತ್ತದೆ. ಎರಡು ರೂಪಾಯಿ ಬಡ್ಡಿಗೆ 5 ಲಕ್ಷ ತಂದರೆ ತಿಂಗಳಿಗೆ 10,000, ವರ್ಷಕ್ಕೆ 1,20,000. ಬಡ್ಡಿಗೆಂದು ಒಂದು ಸಾಲು ಬರೆದಿರುವ ಮದುವೆ ಪಟ್ಟಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಕುವೆಂಪು ಅವರ ಮಂತ್ರಮಾಂಗಲ್ಯವನ್ನು ವೈಚಾರಿಕ ಹೆಜ್ಜೆಯೆಂದು ನೆನೆಯುತ್ತೇವೆ. 1966ರಲ್ಲಿ ಅವರ ಮಗ ತೇಜಸ್ವಿಯವರ ಮದುವೆ ಆ ರೀತಿ ನಡೆಯಿತು. ಲೆಕ್ಕದ ದೃಷ್ಟಿಯಿಂದಲೂ ಅದನ್ನು ನೋಡಬೇಕು. ಅಲ್ಲಿ ಆಡಂಬರ ಬೇಡ ಎಂಬ ತೀರ್ಮಾನ ಮೊದಲು, ಖರ್ಚಿನ ಮಾತು ಆಮೇಲೆ. ಧರ್ಮಸ್ಥಳದಲ್ಲಿ 1972ರಿಂದ ನಡೆಯುತ್ತಿರುವ ಸಾಮೂಹಿಕ ವಿವಾಹಗಳಲ್ಲಿ ಕ್ಷೇತ್ರವೇ ವೆಚ್ಚ ಹೊತ್ತು ಬಡ ಕುಟುಂಬಗಳನ್ನು ಸಾಲದಿಂದ ಉಳಿಸಿದೆ. ಎಲ್ಲರೂ ಹೀಗೇ ಮದುವೆಯಾಗಲಿ ಎಂದು ನಾನು ಹೇಳಲಾರೆ. ನೆಂಟರು, ಊರವರು ಪಂಕ್ತಿಯಲ್ಲಿ ಕೂತು ಹರಸಿ ಉಣ್ಣುವುದು ದೊಡ್ಡ ಸಂತೋಷ, ಅದಕ್ಕೆ ದುಡ್ಡು ಹಾಕುವುದರಲ್ಲಿ ತಪ್ಪೇನೂ ಇಲ್ಲ.

ಆದರೆ ಕ್ರಮ ಬದಲಾಗಲಿ. ಸಾಲವಿಲ್ಲದೆ ಎಷ್ಟು ತೆಗೆಯಬಹುದು ಎಂಬುದು ಪಟ್ಟಿಯ ಮೊದಲ ಸಾಲಾಗಲಿ, ಆ ದುಡ್ಡಿಗೆ ಎಷ್ಟು ಎಲೆ ಎಂಬುದು ಎರಡನೆಯದು. ಛತ್ರ ಹುಡುಕುವುದು ಅದಾದ ಮೇಲೆ. ಎಲೆಗಳನ್ನು ಎರಡೂ ಕಡೆಗೆ ಹಂಚಿ, ಅವರವರ ಎಲೆಯ ದುಡ್ಡು ಅವರವರೇ ಕೊಡಲಿ. ಧಾರೆಯ ಖರ್ಚೆಲ್ಲ ಹೆಣ್ಣಿನವರದೇ ಎಂಬ ರೂಢಿ ಇರುವಷ್ಟು ಕಾಲ, ಇನ್ನೂರು ಹೆಸರು ಸೇರಿಸಲು ಗಂಡಿನ ಕಡೆಯವರಿಗೆ ಅಳುಕೇ ಇರುವುದಿಲ್ಲ. ಪಟ್ಟಿ ಬರೆಯುವಾಗ ಹುಡುಗ ಹುಡುಗಿಯೂ ಅಲ್ಲೇ ಕೂತಿರಬೇಕು. ಮದುವೆಗೆ ತೆಗೆದ ಸಾಲದ ಕಂತು ಅವರ ಸಂಬಳದಿಂದ ಕಟ್ಟುವುದಾದರೆ, ಎಷ್ಟು ಎಲೆ ಎಂದು ಹೇಳುವ ಹಕ್ಕು ಮೊದಲು ಅವರದು.