‘ಲಘು’ ಯಾರ ಮಾತು?

ಕೊಟ್ಟೂರ ತೇರಿಗೆ, ಹಡಗಲಿ ಸೀಮೆಯ ಮೈಲಾರ ಜಾತ್ರೆಗೆ ಲಕ್ಷ ಜನ ನೆರೆದರೆ ಪೊಲೀಸರ ಮಾತು ‘ಬಂದೋಬಸ್ತು’. ಕೂಡ್ಲಿಗಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯ ಕೇರಿಯವರು ತಾಲೂಕು ಕಚೇರಿ ಮುಂದೆ ಕೂತರೆ ಅದು ‘ಗುಂಪು’. ಮರುದಿನ ಪತ್ರಿಕೆಯಲ್ಲಿ ‘ಲಘು ಲಾಠಿ ಪ್ರಹಾರ’. ಲಘು ಅನ್ನೋದು ಹೊಡೆದವನ ಮಾತು, ಬೆನ್ನಿನದಲ್ಲ. ದಲಿತ ವಿಮರ್ಶೆ ಈ ಗದ್ಯಾನೂ ಕೈಗೆತ್ತಿಕೊಳ್ಳಬೇಕು ಅಂತೀನಿ ನಾನು.

ಕಾನೂನಿನಲ್ಲಿ ಕೀಲಿಪದ ‘ಸಂಭವ’. ಹಿಂದಿನ 129, 2024ರಿಂದ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಕಲಮು: ಐದು ಜನರಿಂದ ಶಾಂತಿಭಂಗದ ಸಂಭವವಿದ್ದರೆ ಚದುರಲು ಹೇಳಬೇಕು, ಚದುರದಿದ್ದರೆ ಬಲ ಬಳಸಬಹುದು. ಸಂಭವ ಅಳೆಯೋರು ಮ್ಯಾಜಿಸ್ಟ್ರೇಟರು, ಠಾಣಾಧಿಕಾರಿ. ಆ ಅಳತೆಗೋಲಿಗೆ ಜಾತಿ, ವರ್ಗ ಎರಡೂ ಅಂಟಿರ್ತವೆ. ಹಡಗಲಿಯ ಹೊಳೆಯಾಚೆ ಹಾವೇರಿಯಲ್ಲಿ 2008ರ ಜೂನ್ 10ರಂದು ಗೊಬ್ಬರ ಕೇಳಿದ ರೈತರ ಮೇಲೆ ಗುಂಡು ಹಾರಿತು.

ಅದೇ ‘ಸಂಭವ’ ನಮ್ಮ ಪರವಾಗಿಯೂ ಬರೆದೈತಿ. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳ ಪ್ರಕಾರ ದೌರ್ಜನ್ಯ ನಡೆಯಬಹುದಾದ ಊರುಗಳನ್ನು ಸರ್ಕಾರ ಮೊದಲೇ ಗುರುತಿಸಬೇಕು, ಎಸ್ಪಿ ಹೋಗಿ ನೋಡಬೇಕು. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲು ಸುಟ್ಟವು. ಕೊಪ್ಪಳ ನ್ಯಾಯಾಲಯ 98 ಮಂದಿಗೆ ಜೀವಾವಧಿ ಕೊಟ್ಟದ್ದು 2024ರಲ್ಲಿ. ಶಿಕ್ಷೆ ಬೂದಿಯಾದ ಮೇಲಿನ ಮಾತು. ಕಾವಲು ಅದಕ್ಕೂ ಮುಂಚಿನದು.

ಗೆಳೆಯರೇ, ಠಾಣೆಗೆ ಹೋಗಿ ಕೇಳೋಣ: ಆ ಪಟ್ಟಿಯಲ್ಲಿ ನಮ್ಮ ಐದು ತಾಲೂಕಿನ ಯಾವ್ಯಾವ ಊರು ಐತಿ?