ಉತ್ತರ ಬಾರದ ಮೊರೆ

ಮಳೆಗಾಗಿ ಮಾಡುವ ಪ್ರಾರ್ಥನೆಯ ಗುಣವನ್ನು ಮಳೆ ಬಂದ ವರ್ಷದಲ್ಲಿ ಅಳೆಯುವುದು ಸಲ್ಲದು. ಬಂದ ಮಳೆಯು ಭಕ್ತಿಯ ದೋಷಗಳನ್ನೆಲ್ಲ ತೊಳೆದುಬಿಡುತ್ತದೆ. ಆರಿದ್ರೆಯಲ್ಲಿ ಒಂದು ಹದ ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತಿ, ಹೂ ಬಿಟ್ಟು ಕಾಯಿ ಕಟ್ಟುವ ವೇಳೆಗೆ ಮುಗಿಲು ಮುಖ ತಿರುಗಿಸಿ, ಬಳ್ಳಿ ಹೊಲದಲ್ಲಿಯೇ ಸುಟ್ಟುಹೋದಾಗ, ಅದೇ ದೇವರ ಮುಂದೆ ಮತ್ತೆ ಕೈಮುಗಿಯಲು ಯಾವ ಆಚಾರವು ಮನುಷ್ಯನಿಗೆ ಶಕ್ತಿಯನ್ನೀಯುತ್ತದೆಯೋ ಅದನ್ನೇ ಸತ್ತ್ವವುಳ್ಳ ಆಚಾರವೆನ್ನಬೇಕು. ತುಮಕೂರು ಜಿಲ್ಲೆಯ ಕೊರಟಗೆರೆ, ಮಧುಗಿರಿ, ಶಿರಾ, ಹಾಗೂ ಮಧುಗಿರಿಯಿಂದ ಆಂಧ್ರದ ಮಡಕಶಿರಾ ಸೀಮೆಯನ್ನು ಹಾಯ್ದು ಸೇರಬೇಕಾದ ಪಾವಗಡ, ಈ ನಾಲ್ಕು ತಾಲ್ಲೂಕುಗಳಿಗಿಂತ ಇಂಥ ಪರೀಕ್ಷೆಗೆ ತಕ್ಕ ಸ್ಥಳ ನನಗೆ ತಿಳಿಯದು. ದೇವರಾಯನದುರ್ಗದಲ್ಲಿ ಹುಟ್ಟಿ ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿಯು ವರ್ಷದ ಬಹುಭಾಗ ಮರಳಾಗಿಯೇ ಇರುವ ನಾಡಿದು.

ಪಾವಗಡದ ಶನೈಶ್ಚರಸ್ವಾಮಿಯ ಗುಡಿಗೆ ಶನಿವಾರಗಳಲ್ಲಿ, ಅದರಲ್ಲಿಯೂ ಶ್ರಾವಣ ಮಾಸದಲ್ಲಿ, ಗಡಿಯಾಚೆಯಿಂದಲೂ ಜನ ಬಂದು ಎಳ್ಳುಬತ್ತಿ ಹಚ್ಚುತ್ತಾರೆ. ಬೇಡಿದ್ದನ್ನು ಕೊಡುವವನೆಂದು ಹೆಸರಾದ ದೇವರಲ್ಲ ಈತ; ಕಾಡುವವನೆಂದು ಹೆಸರಾದವನು. ಮಳೆಯಿಲ್ಲದ ಸೀಮೆಯೊಂದು ಇಂಥವನಿಗೆ ಇಷ್ಟು ದೊಡ್ಡ ಸನ್ನಿಧಿಯನ್ನು ಕಟ್ಟಿಕೊಂಡಿರುವುದರಲ್ಲಿ ಒಂದು ಬಗೆಯ ಪ್ರಾಮಾಣಿಕತೆಯಿದೆ ಎಂದು ನನಗೆ ಅನ್ನಿಸುತ್ತದೆ. ಮನೆಮನೆಗಳಲ್ಲಿ ಪಾರಾಯಣವಾಗುವ, ರಾತ್ರಿಯಿಡೀ ನಾಟಕವಾಗುವ ಶನಿಮಹಾತ್ಮೆಯ ಕಥೆಯನ್ನು ನೋಡಿ. ಶನಿಯನ್ನು ಹೀಗಳೆದ ವಿಕ್ರಮರಾಯನು ರಾಜ್ಯಭ್ರಷ್ಟನಾಗಿ, ಪರನಗರದಲ್ಲಿ ವರ್ತಕನೊಬ್ಬನ ಅತಿಥಿಯಾಗಿ, ಗೋಡೆಯ ಚಿತ್ರದಲ್ಲಿದ್ದ ಹಂಸವು ಮುತ್ತಿನ ಹಾರವನ್ನು ನುಂಗುವುದನ್ನು ಕಣ್ಣಾರೆ ಕಂಡೂ ಯಾರನ್ನೂ ನಂಬಿಸಲಾರದೆ ಕಳ್ಳನೆನಿಸಿ, ಕೈಕಾಲು ಕಡಿಸಿಕೊಂಡು, ಎಣ್ಣೆಯ ಗಾಣದ ಮೇಲೆ ಕುಳಿತು ಎತ್ತು ಹೊಡೆಯುವ ಸ್ಥಿತಿಗಿಳಿಯುತ್ತಾನೆ. ಬೇರೆ ಪುರಾಣಗಳಲ್ಲಿ ಭಕ್ತನು ಕಷ್ಟದಲ್ಲಿ ಬಿದ್ದಾಗ ದೇವರು ಎಲ್ಲಿಯೋ ದೂರದಲ್ಲಿರುತ್ತಾನೆ, ಕೂಗಿಗೆ ಓಗೊಟ್ಟು ಬರಬೇಕಾಗುತ್ತದೆ. ಇಲ್ಲಿಯಾದರೋ ಕಷ್ಟವೇ ದೇವರ ಸಾನ್ನಿಧ್ಯ, ಗಾಣದ ಸುತ್ತಿನ ಒಂದೊಂದು ಹೆಜ್ಜೆಯಲ್ಲಿಯೂ ಅವನು ಜೊತೆಗಿದ್ದಾನೆ. ನಿರುತ್ತರವಾದ ಪ್ರಾರ್ಥನೆಯನ್ನು ಕುರಿತು ನಮ್ಮ ಜನಸಾಮಾನ್ಯರ ಕಥಾಲೋಕವು ಹೇಳಿರುವ ಅತ್ಯಂತ ದಿಟ್ಟ ಮಾತು ಇದು.

ಆದರೆ ಕಥೆಯು ತನ್ನ ದಿಟ್ಟತನವನ್ನು ಕೊನೆಯವರೆಗೆ ಉಳಿಸಿಕೊಳ್ಳುವುದಿಲ್ಲ. ರಾಶಿಗೆ ಎರಡೂವರೆ ವರ್ಷದಂತೆ ಮೂರು ರಾಶಿಗಳನ್ನು ದಾಟುವಷ್ಟರಲ್ಲಿ ಏಳೂವರೆ ವರ್ಷ ಕಳೆಯುತ್ತದೆ. ಕೈಕಾಲು ಚಿಗುರುತ್ತವೆ, ಗೋಡೆಯ ಹಂಸ ಹಾರವನ್ನು ಉಗುಳುತ್ತದೆ, ಅರಸನಿಗೆ ಅರಸೊತ್ತಿಗೆ ಮರಳುತ್ತದೆ. ನಾನು ಕೇಳಿದ ಪಾರಾಯಣಗಳಲ್ಲೆಲ್ಲ ಓದುವವರು ಗಾಣದ ಪ್ರಸಂಗವನ್ನು ಬೇಗಬೇಗನೆ ದಾಟಿ ಈ ಮಂಗಳಕ್ಕೆ ಬಂದು ನಿಟ್ಟುಸಿರು ಬಿಡುತ್ತಿದ್ದರು. ಗ್ರಹಚಾರಕ್ಕೆ ಲೆಕ್ಕವಿದೆ, ಬರಕ್ಕೆ ಜಾತಕವಿಲ್ಲ. ಎಂಟನೆಯ ವರ್ಷವೂ ಬಳ್ಳಿ ಒಣಗಿದವನಿಗೆ ಈ ಕಥೆಯ ಕೊನೆಯು ಸಾಂತ್ವನವಾಗುವ ಬದಲು ಅಣಕವಾಗಿ ಕೇಳಿಸಿದರೆ ತಪ್ಪು ಅವನದಲ್ಲ.

ಹರಕೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಮಧುಗಿರಿಯ ದಂಡಿನ ಮಾರಮ್ಮನಿಗಾಗಲಿ ಗೊರವನಹಳ್ಳಿಯ ಮಹಾಲಕ್ಷ್ಮಿಗಾಗಲಿ ಕಟ್ಟಿಕೊಂಡ ಹರಕೆಯು ಕೊಟ್ಟರೆ ಕೊಡುವೆನೆಂಬ ಕರಾರು. ಕೊಡದಿದ್ದಾಗ ಏನು ಮಾಡಬೇಕೆಂಬುದು ಕರಾರಿನಲ್ಲಿ ಬರೆದಿರುವುದಿಲ್ಲ.

ಇವೆಲ್ಲಕ್ಕಿಂತ ಮೇಲಾದುದೆಂದು ನಾನು ಎಣಿಸುವುದು, ಪಂಡಿತರು ಮಕ್ಕಳಾಟವೆಂದು ತಳ್ಳಿಬಿಡುವ ಮಳೆರಾಯನ ಸೇವೆಯನ್ನು. ಮಳೆ ಹಿಂದೆಗೆದಾಗ ಹುಡುಗರು ಹಸಿಮಣ್ಣಿನಲ್ಲಿ ಮಳೆರಾಯನನ್ನು ಮಾಡಿ, ಮಣೆಯ ಮೇಲಿರಿಸಿ, ತಮ್ಮಲ್ಲೊಬ್ಬನ ತಲೆಯ ಮೇಲೆ ಹೊರಿಸಿ ಮನೆಮನೆಯ ಬಾಗಿಲಿಗೆ ಬರುತ್ತಾರೆ. ಮನೆಯಾಕೆ ಒಂದು ಕೊಡ ನೀರನ್ನು ದೇವರ ಮೇಲೆ ಸುರಿದು, ಮರದಲ್ಲಿ ರಾಗಿಹಿಟ್ಟನ್ನೋ ಕಾಳನ್ನೋ ತಂದು ಹಾಕುತ್ತಾಳೆ. ಮೈಲಿಗಟ್ಟಲೆ ನಡೆದು ತಂದ ನೀರೂ ಆಗಿರಬಹುದು ಅದು. ಕೊಡದ ಮೇಲೆ ಕೊಡ ಬಿದ್ದಂತೆ ಮಳೆರಾಯನ ಮೂಗು ಕರಗಿ, ಮೋರೆ ಕರಗಿ, ಕೆಸರು ಹುಡುಗನ ಕಿವಿಯ ಹಿಂದೆ ಇಳಿದು, ಊರಿನ ಕೊನೆಯ ಮನೆಯನ್ನು ಮುಟ್ಟುವಾಗ ದೇವರು ಅರ್ಧ ಮಣೆಯ ಮೇಲೂ ಅರ್ಧ ಹೊತ್ತವನ ಮೈಮೇಲೂ ಇರುತ್ತಾನೆ. ಕೂಡಿದ ಹಿಟ್ಟನ್ನು ಬೇಯಿಸಿ ಎಲ್ಲರೂ ಉಣ್ಣುತ್ತಾರೆ. ಮಳೆ ಬಂದರೂ ಬಾರದಿದ್ದರೂ ಈ ಪೂಜೆ ಅಂದೇ ಪೂರ್ಣವಾಗುತ್ತದೆ. ಫಲಕ್ಕಾಗಿ ಕಾಯುವ ಭಾಗ ಇದರಲ್ಲಿಲ್ಲ. ಬೇಡುವವರು ತಮ್ಮಲ್ಲಿದ್ದ ನೀರನ್ನೇ ಮೊದಲು ಕೊಡುತ್ತಾರೆಂಬುದೂ ಗಮನಾರ್ಹ. ಮುಸಲ್ಮಾನರು ಮಳೆಗಾಗಿ ಬಯಲಿನಲ್ಲಿ ನೆರೆದು ಸಲ್ಲಿಸುವ ವಿಶೇಷ ನಮಾಜಿನಲ್ಲಿಯೂ, ಹೊದ್ದ ವಸ್ತ್ರವನ್ನು ಮಗುಚಿ ಹೊದೆಯುವ, ಅಂಗೈಗಳನ್ನು ನೆಲದ ಕಡೆಗೆ ತಿರುಗಿಸುವ ಪದ್ಧತಿಯಲ್ಲಿ, ಇಂಥದೇ ಒಂದು ವಿನಯವನ್ನು ಕಾಣಬಹುದು. 1696ರಲ್ಲಿ ಕಟ್ಟಿದ ಜುಮ್ಮಾ ಮಸೀದಿಯುಳ್ಳ ಶಿರಾದಂಥ ಊರಿಗೆ ಈ ಎರಡು ಮೊರೆಗಳೂ ಹೊಸತಲ್ಲ.

ಇಷ್ಟು ಹೊಗಳಿದ ಮೇಲೆ ಒಂದು ಆಕ್ಷೇಪಕ್ಕೆ ಮುಖಕೊಡಲೇಬೇಕು. 1876ರಿಂದ 1878ರವರೆಗಿನ ಧಾತು ಈಶ್ವರ ಬರದಲ್ಲಿ, ಸುಮಾರು 50 ಲಕ್ಷ ಜನರಿದ್ದ ಮೈಸೂರು ಸೀಮೆಯಲ್ಲಿ 10 ಲಕ್ಷದಷ್ಟು ಮಂದಿ ಅಳಿದರೆಂಬುದು ಅಂದಿನ ಅಂದಾಜು. ಅವರು ಪ್ರಾರ್ಥಿಸಿರಲಿಲ್ಲವೆನ್ನಲು ಯಾರಿಗೆ ಬಾಯಿ ಬಂದೀತು? ಭಕ್ತಿ ಸಾಲದೆ ಹೋಯಿತು, ಪಾಪ ಹೆಚ್ಚಿತು ಎಂದು ಇಂದಿಗೂ ಬರಗಾಲದಲ್ಲಿ ಉಪದೇಶಿಸುವವರಿದ್ದಾರೆ. ದೇವರ ಮೌನವನ್ನು ಸಹಿಸಬಹುದು, ಆ ಮೌನಕ್ಕೆ ಇವರು ಬರೆಯುವ ಭಾಷ್ಯವನ್ನು ಸಹಿಸಲಾಗದು. ಮಳೆರಾಯನನ್ನು ಹೊತ್ತ ಹುಡುಗರಾದರೋ ಯಾರ ಪಾಪವನ್ನೂ ಕೇಳುವುದಿಲ್ಲ, ಯಾವ ಬಾಗಿಲನ್ನೂ ಬಿಡುವುದಿಲ್ಲ.

ಈಚೆಗೆ ಪಾವಗಡದ ಮೊರೆಗೆ ಬೇರೊಂದು ದಾರಿಯಿಂದ ಉತ್ತರ ಬಂದಿತೆಂದು ವಾದಿಸುವುದೂ ಸಾಧ್ಯವಾಗಿದೆ. ಬೆಳೆಯನ್ನು ಸುಟ್ಟ ಸೂರ್ಯನೇ ಇಂದು ತಿರುಮಣಿಯ ಸುತ್ತ ಸುಮಾರು 13,000 ಎಕರೆಗಳಲ್ಲಿ ಹರಡಿದ ಸೌರ ಉದ್ಯಾನದಲ್ಲಿ 2,000 ಮೆಗಾವಾಟ್‌ಗೂ ಮಿಗಿಲಾದ ಸಾಮರ್ಥ್ಯಕ್ಕೆ ಮೂಲವಾಗಿದ್ದಾನೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ತೊಡಗಿದ ಗುತ್ತಿಗೆಯ ಹಣ, ಮುಗಿಲು ನೋಡುವ ಗೋಜಿಲ್ಲದೆ, ರೈತನ ಕೈಸೇರುತ್ತದೆ. ಇದನ್ನು ದೈವಕೃಪೆಯೆಂದು ನಂಬುವವರೊಡನೆ ನನಗೆ ಜಗಳವಿಲ್ಲ. ಆದರೆ ಈ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ ಬರುವಂಥದು; ಆ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದ ಭೂಹೀನನಿಗೆ ಅದರಲ್ಲಿ ಪಾಲಿಲ್ಲ. ಮಳೆರಾಯನ ಹಿಟ್ಟಿನಲ್ಲಿ ಅವನ ಮಗನಿಗೂ ಒಂದು ಪಾಲಿತ್ತು.