ಇವರಿಗೆ ಕೂಳು ಯಾರ ಹಾಕ್ತಾರ?

ಹೋದ ದೀಪಾವಳಿ ಮುಗಿದ ಮೇಲೆ ಅಪ್ಪ ಕಣ್ಣಿನ ಆಪರೇಶನ್‌ಗೆ ಅಂತ ಹುಕ್ಕೇರಿಯಿಂದ ನನ್ನ ಜೊತೆ ಬೆಂಗಳೂರಿಗೆ ಬಂದಿದ್ದ. ಒಂದು ರಾತ್ರಿ ಹನ್ನೊಂದೂವರೆಗೆ ನಾನು ಲ್ಯಾಪ್‌ಟಾಪ್ ಮುಂದೆ ಕೂತು ಚೀನಾದ ಶಾನ್‌ಡಾಂಗ್ ಪ್ರಾಂತ್ಯವನ್ನು ಆಳುತ್ತಿದ್ದೆ. ನೀರು ಕುಡಿಯಲು ಎದ್ದ ಅಪ್ಪ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬೆನ್ನ ಹಿಂದೆ ಬಂದು ನಿಂತ.

"ಏನೋ ಇದು, ನಕಾಶಾ?"

"ಆಟ ಅಪ್ಪಾ. ಚೀನಾ ದೇಶದ್ದು."

"ಈ ಗೊಂಬಿ?"

"ಅದು ಸೈನ್ಯ. ಒಂದೊಂದರಾಗ ಎಂಟ-ಹತ್ತ ಸಾವಿರ ಮಂದಿ."

ಸ್ವಲ್ಪ ಹೊತ್ತು ನೋಡಿ, "ಇಷ್ಟ ಮಂದಿಗೆ ಕೂಳು ಯಾರ ಹಾಕ್ತಾರ?" ಅಂದ. ಸಪ್ಲೈ ಅಂತ ಇರ್ತದ, ರೈಲಿನಾಗ ಬರ್ತದ ಅಂದೆ. "ರೈಲಿಗೆ ಎಲ್ಲಿಂದ ಬರ್ತದ?" ಅಂದವನು ನನ್ನ ಉತ್ತರಕ್ಕೂ ಕಾಯದೆ ಮಲಗಲು ಹೋದ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಸ್ಟಾಕ್‌ಹೋಮಿನ ಪ್ಯಾರಡಾಕ್ಸ್ ಕಂಪನಿ 2016ರಲ್ಲಿ ಹೊರತಂದ ಹಾರ್ಟ್ಸ್ ಆಫ್ ಐರನ್ 4 ಎರಡನೇ ಮಹಾಯುದ್ಧದ ಆಟ. ಅದರ ಮೇಲೆ ಅಭಿಮಾನಿಗಳು ಕಟ್ಟಿದ ಮಾಡ್ ಕೈಸರ್‌ರೈಖ್. ಇದರಲ್ಲಿ ಮೊದಲ ಮಹಾಯುದ್ಧವನ್ನು ಜರ್ಮನಿ ಗೆದ್ದಿದೆ, ಆಟ 1936ಕ್ಕೆ ಶುರುವಾಗುತ್ತದೆ, ಚೀನಾ ಇನ್ನೂ ದಂಡನಾಯಕರ ನಡುವೆ ಹರಿದು ಹಂಚಿಹೋಗಿದೆ. ಶಾನ್‌ಡಾಂಗ್ ಝಾಂಗ್ ಝೋಂಗ್‌ಚಾಂಗ್ ಕೈಯಲ್ಲಿದೆ. ನಿಜವಾದ ಇತಿಹಾಸದಲ್ಲಿ ಈತ 1932ರಲ್ಲೇ ಜಿನಾನ್ ರೈಲು ನಿಲ್ದಾಣದಲ್ಲಿ ಗುಂಡೇಟಿಗೆ ಸತ್ತವನು. ತನ್ನ ಹತ್ತಿರ ಎಷ್ಟು ಸೈನಿಕರು, ಎಷ್ಟು ದುಡ್ಡು, ಎಷ್ಟು ಹೆಂಡಿರು ಅಂತ ಮೂರೂ ಗೊತ್ತಿಲ್ಲದ ಜನರಲ್ ಅಂತ ಜನ ಇವನನ್ನು ಆಡಿಕೊಳ್ಳುತ್ತಿದ್ದರು. ಜೂಜಿನ ಹುಚ್ಚಿನಿಂದ ‘ನಾಯಿಮಾಂಸದ ಜನರಲ್’ ಅನ್ನೋ ಅಡ್ಡಹೆಸರು ಬೇರೆ. ಆಡುವವರಿಗೆ ಇಂಥವನು ಅಂದರೆ ಖುಷಿಯೋ ಖುಷಿ. ನನಗೂ ಅಷ್ಟೇ, ಸುಳ್ಳು ಯಾಕೆ ಹೇಳಲಿ.

ಮಾಡ್ ಮಾಡಿದವರ ಶ್ರಮ ದೊಡ್ಡದು. ನಮಗೆ ಶಾಲೆಯಲ್ಲಿ ಒಂದು ಸಾಲೂ ಕಲಿಸದ ಇಪ್ಪತ್ತರ ದಶಕದ ಚೀನಾವನ್ನು ಇಷ್ಟು ವಿವರವಾಗಿ ಕಟ್ಟಿದ್ದಾರೆ. ದಂಡನಾಯಕನ ರಾಜ್ಯದಲ್ಲಿ ಸೈನ್ಯವೇ ಸರ್ಕಾರ ಅನ್ನೋದನ್ನೂ ಚೆನ್ನಾಗಿ ಹಿಡಿದಿದ್ದಾರೆ. ನನ್ನ ತಕರಾರು ಅಡಿಪಾಯದ ಬಗ್ಗೆ, ಅಂದರೆ ಮೂಲ ಆಟದ ಲೆಕ್ಕಾಚಾರದ ಬಗ್ಗೆ.

ಈ ಆಟದಲ್ಲಿ ಮನುಷ್ಯ ಅಂದರೆ ‘ಮ್ಯಾನ್‌ಪವರ್’ ಅನ್ನೋ ಒಂದು ಅಂಕಿ, ಪರದೆಯ ಮೇಲ್ತುದಿಯಲ್ಲಿ ಕಾಣುತ್ತದೆ. ಸೈನಿಕರು ಸಾಲದಿದ್ದರೆ 150 ರಾಜಕೀಯ ಬಲ ಖರ್ಚು ಮಾಡಿ ಒಂದು ಕಾಯ್ದೆ ಬದಲಿಸಿದರೆ ಮುಗಿಯಿತು, ಜನಸಂಖ್ಯೆಯ ನೂರಕ್ಕೆ ಎರಡೂವರೆ ಇದ್ದದ್ದು ಐದಾಗುತ್ತದೆ. ಸೈನ್ಯ ಬೇಡವಾದರೆ ಒಂದು ಕ್ಲಿಕ್, ಎಂಟು ಸಾವಿರ ಮಂದಿ ಬಂದೂಕು ಒಪ್ಪಿಸಿ ಮತ್ತೆ ಅದೇ ಅಂಕಿಯೊಳಗೆ ಕರಗಿಹೋಗುತ್ತಾರೆ. ಸೋತ ದೇಶವನ್ನು ನುಂಗಿದರಂತೂ ಮೂಲ ಆಟದಲ್ಲಿ ಅದರ ಸೈನ್ಯ ನಕಾಶೆಯಿಂದಲೇ ಮಾಯ. ಎಲ್ಲಿ ಹೋದರು? ಯಾರೂ ಕೇಳುವುದಿಲ್ಲ. ಐಟಿಯಲ್ಲಿ ಕೆಲಸ ಮಾಡುವವರಿಗೆ ಈ ಭಾಷೆ ಹೊಸದೇನಲ್ಲ ಬಿಡ್ರಿ, ‘ರಿಸೋರ್ಸ್ ರಿಲೀಸ್ ಮಾಡಿದ್ವಿ’ ಅನ್ನೋದನ್ನ ನಾವೂ ಕೇಳಿದ್ದೀವಿ.

ಅವರು ಎಲ್ಲಿ ಹೋಗುತ್ತಾರೆ ಅಂತ ನಮ್ಮ ಭಾಗದವರಿಗೆ ಗೊತ್ತಿರಬೇಕು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ಸೈನ್ಯ ಒಂದೇ ದಿನಕ್ಕೆ ಕೆಲಸ ಕಳೆದುಕೊಂಡಿತು. ಅದೇ ಗದ್ದಲದಲ್ಲಿ ಕೋಟೆಯ ಸೆರೆಯಿಂದ ಒಬ್ಬ ಹೊರಬಂದ. ಚನ್ನಗಿರಿಯ ಧೋಂಡಿಯಾ ವಾಘ್, ಮೊದಲು ಹೈದರನ ಕುದುರೆ ಸವಾರ, ಆಮೇಲೆ ಲೂಟಿಕಾರ, ಕೊನೆಗೆ ಟಿಪ್ಪುವಿನ ಕೈದಿ. ಅವನಲ್ಲಿ ದೇಶ ಇರಲಿಲ್ಲ, ರಾಜಧಾನಿ ಇರಲಿಲ್ಲ, ಖಜಾನೆ ಇರಲಿಲ್ಲ. ಆದರೆ ಕೂಳಿಲ್ಲದ ಸವಾರರು ಬೇಕಾದಷ್ಟು ಮಂದಿ ಸಿಕ್ಕರು. ವರ್ಷ ತುಂಬುವುದರೊಳಗೆ ಅವನ ಹಿಂದೆ ಸಾವಿರಾರು ಕುದುರೆ, ಹೆಸರಿಗೆ ‘ಉಭಯ ಲೋಕಾಧೀಶ್ವರ’ ಅನ್ನೋ ಬಿರುದು. ಒಂದು ಲೋಕ ಸಾಲಲಿಲ್ಲ ಮನುಷ್ಯನಿಗೆ.

1800ರ ಜೂನ್ ಕೊನೆಗೆ ಕಿತ್ತೂರಿನ ಹತ್ತಿರ ಪೇಶ್ವೆಯ ಸರದಾರ ಧೋಂಡೋಪಂತ ಗೋಖಲೆಯನ್ನು ಕೊಂದ. ಅವನ ರಕ್ತದಲ್ಲಿ ಮೀಸೆಗೆ ಬಣ್ಣ ಹಚ್ಚುತ್ತೇನೆ ಅಂತ ಶಪಥ ಮಾಡಿದ್ದನಂತೆ. ಜುಲೈ 30ಕ್ಕೆ ಮುನವಳ್ಳಿಯಲ್ಲಿ, ಮಲಪ್ರಭೆಯ ದಂಡೆಗೆ, ಅವನ ಸರಂಜಾಮಿನ ಮೇಲೆ ಆರ್ಥರ್ ವೆಲ್ಲೆಸ್ಲಿ ಬಿದ್ದ. ತುಂಬಿದ ಹೊಳೆಯಲ್ಲಿ ಬಹಳ ಮಂದಿ ಮುಳುಗಿ ಸತ್ತರು. ಹೌದು, ಮುಂದೆ ವಾಟರ್‌ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಅದೇ ವೆಲ್ಲೆಸ್ಲಿ. ಆಗಿನ್ನೂ ಮೂವತ್ತೊಂದು ವಯಸ್ಸು, ನನಗಿಂತ ಸಣ್ಣವನು. ಕೊನೆಗೆ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಧೋಂಡಿಯಾ ಸತ್ತ. ಅವನ ಸಾಮಾನಿನ ನಡುವೆ ಸಿಕ್ಕ ಸಣ್ಣ ಹುಡುಗ ಸಲಾಬತ್ ಖಾನನನ್ನು ವೆಲ್ಲೆಸ್ಲಿಯೇ ಸಾಕುವ ವ್ಯವಸ್ಥೆ ಮಾಡಿದ.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಥಾಮಸ್ ಮನ್ರೋ ಬರೆದ ಪತ್ರ. ನೀನು ಮತ್ತು ನಿನ್ನ ಸೈನ್ಯ ಅಡ್ಡ ಬರದೇ ಹೋಗಿದ್ದರೆ ಧೋಂಡಿಯಾ ಸ್ವತಂತ್ರ ರಾಜನಾಗಿ ಹೊಸ ವಂಶವನ್ನೇ ಕಟ್ಟುತ್ತಿದ್ದ ಅನ್ನುವ ಅರ್ಥದಲ್ಲಿ ಆತ ವೆಲ್ಲೆಸ್ಲಿಗೆ ಬರೆದ. ಹಿಂಗಾಗಿದ್ದರೆ ಹೆಂಗಿರ್ತಿತ್ತು ಅನ್ನೋ ಆಟ ಆಗಲೇ ನಮ್ಮ ನೆಲದ ಮೇಲೆ ಶುರುವಾಗಿತ್ತು. ಮತ್ತೆ ಮನ್ರೋ ತಪ್ಪು ಹೇಳಿರಲಿಲ್ಲ. ಹೈದರನೂ ಸವಾರಿಯಿಂದಲೇ ಮೇಲೆ ಬಂದವನಲ್ಲವೇ?

ಚೀನಾದ್ದೂ ಇದೇ ಕತೆ. ಸೋತವನ ಸೈನಿಕರನ್ನು ಗೆದ್ದವನು ಸೇರಿಸಿಕೊಳ್ಳುತ್ತಿದ್ದ, ಉಳಿದವರು ಡಕಾಯಿತರಾಗುತ್ತಿದ್ದರು, ಡಕಾಯಿತರು ಮತ್ತೆ ಸೈನಿಕರಾಗುತ್ತಿದ್ದರು. ಝಾಂಗ್ ಝೋಂಗ್‌ಚಾಂಗ್ ಸ್ವತಃ ಆ ದಾರಿಯಲ್ಲೇ ಬಂದವನು. ರಷ್ಯಾದ ಕ್ರಾಂತಿಯಲ್ಲಿ ಸೋತು ಓಡಿಬಂದ ಬಿಳಿ ಸೈನಿಕರಿಗೂ ಅವನ ಶಸ್ತ್ರಸಜ್ಜಿತ ರೈಲುಗಳಲ್ಲಿ ನೌಕರಿ ಸಿಕ್ಕಿತು. ಅವರಿಗೆಲ್ಲ ಪಗಾರ ಎಲ್ಲಿಂದ? ಬೆಲೆಯಿಲ್ಲದ ನೋಟು ಅಚ್ಚು ಹಾಕಿದ, ರೈತರ ಮೇಲೆ ತೆರಿಗೆಯ ಮೇಲೆ ತೆರಿಗೆ ಹೇರಿದ. ಅಪ್ಪನ ಪ್ರಶ್ನೆಗೆ ಉತ್ತರ ಅದು. ಆಟದಲ್ಲಿ ಸಪ್ಲೈ ರಾಜಧಾನಿಯಿಂದ ಹೊರಟು ರೈಲು ಹಳಿ ಹಿಡಿದು ಊರಿಗೆ ಬರುತ್ತದೆ. ಇತಿಹಾಸದಲ್ಲಿ ಅದು ಊರಿನಿಂದ ಹೊರಡುತ್ತದೆ. ಬಾಣದ ಗುರುತೇ ಉಲ್ಟಾ.

ನಮ್ಮೂರ ನಡುವೆ ಒಂದು ಹುಡೇವು ಇತ್ತು, ಕಲ್ಲು-ಮಣ್ಣಿನ ದುಂಡನೆ ಬುರುಜು. ಅರ್ಧ ಬಿದ್ದಿತ್ತು, ನಾವು ಅದರ ಬುಡದಲ್ಲಿ ಲಗೋರಿ ಆಡುತ್ತಿದ್ದೆವು. ಅದನ್ನು ಯಾವ ರಾಜನೂ ಕಟ್ಟಿಸಿದ್ದಲ್ಲ, ದಂಡು ಬರುವುದು ಕಾಣಲಿ ಅಂತ ಊರವರು ಕಟ್ಟಿಕೊಂಡಿದ್ದು. ನಾವು ಗಬಗಬ ತಿಂದರೆ ಆಯಿ "ಪೆಂಡಾರ್ರ ಹಂಗ ಯಾಕ ತಿಂತೀರೋ" ಅಂತಿದ್ದಳು. ಜೋಳ ಹಗೇವಿನಲ್ಲಿ ಇರುತ್ತಿತ್ತು. ನೆಲದೊಳಗಿನ ಕಣಜ ಅದು, ಬಾಯಿಗೆ ಬಂಡೆ ಹಾಕಿ ಮೇಲೆ ಮಣ್ಣು ಮೆತ್ತಿದರೆ ಅಂಗಳದಂತೆಯೇ ಕಾಣುತ್ತದೆ. ಹುಳಕ್ಕೆ ಹೆದರಿ ಅಷ್ಟೇ ಅಲ್ಲ, ದಂಡಿಗೆ ಹೆದರಿಯೂ ಮಂದಿ ಕಾಳನ್ನು ಹಂಗೆ ಹೂಳುತ್ತಿದ್ದರು ಅಂತ ಆಕೆಯ ವಾದ.

ಶಾನ್‌ಡಾಂಗ್‌ನ ಹಳ್ಳಿಯವರೂ ಸುಮ್ಮನೆ ಕೂತಿರಲಿಲ್ಲ. ಕೆಂಪು ಈಟಿ ಸಂಘ ಅಂತ ಕಟ್ಟಿಕೊಂಡು ಡಕಾಯಿತರ ಮೇಲೂ, ತೆರಿಗೆಗೆ ಬಂದ ಸೈನಿಕರ ಮೇಲೂ ಈಟಿ ಹಿಡಿದು ನಿಂತರು. ಅದೂ ಆಗದವರು ಗುಳೆ ಹೋದರು. 1927ರ ಒಂದೇ ವರ್ಷದಲ್ಲಿ ಹತ್ತು ಲಕ್ಷದ ಆಸುಪಾಸು ಮಂದಿ ಉತ್ತರದ ಮಂಚೂರಿಯಾಕ್ಕೆ ಹೋದರು, ಹೆಚ್ಚಿನವರು ಶಾನ್‌ಡಾಂಗ್‌ನವರೇ. ನನ್ನ ಆಟದಲ್ಲಿ ಇಷ್ಟೆಲ್ಲ ತೆರಿಗೆ ಹಿಂಡಿದರೂ ಒಂದು ನರಪಿಳ್ಳೆ ಕದಲುವುದಿಲ್ಲ. ಕಾಣುವುದೆಲ್ಲ ‘ಸ್ಥಿರತೆ’ ಅನ್ನುವ ಅಂಕಿಯಲ್ಲಿ ನೂರಕ್ಕೆ ಐದು ಕಡಿಮೆ, ಅಷ್ಟೇ. ಬಿಇ ಮುಗಿಸಿ ಗುಳೆ ಬಂದವನು ನಾನು, ನನಗೇ ಇದು ಮುನ್ನೂರು ತಾಸು ಆಡುವವರೆಗೂ ಕಣ್ಣಿಗೆ ಬಿದ್ದಿರಲಿಲ್ಲ. ನಕಾಶೆಯನ್ನು ಮೇಲಿನಿಂದ ನೋಡುವ ಚಟ ಹಂಗೆ, ನಮ್ಮ ಹೊಲವೂ ಬಣ್ಣವಾಗಿಬಿಡುತ್ತದೆ.

ಆಟ ಅಂದಮೇಲೆ ಎಲ್ಲಾ ಹಾಕೋಕಾಗಲ್ಲ ಅನ್ನುವ ಉತ್ತರ ನನಗೂ ಗೊತ್ತು. ಒಪ್ಪುತ್ತೇನೆ. ಆದರೆ ಟ್ಯಾಂಕಿನ ಎಂಜಿನ್ನಿಗೆ, ವಿಮಾನದ ಬಂದೂಕಿಗೆ ಬೇರೆ ಬೇರೆ ಮೆನು ಇಟ್ಟವರು ಕೆಲಸ ಹೋದ ಸೈನಿಕನಿಗೆ ಒಂದು ಸಾಲು ಇಡಬಹುದಿತ್ತು. ದಂಡನಾಯಕನ ಕಾಲ ಶುರುವಾಗುವುದೇ ಅವನಿಂದ. ಅವನಿಲ್ಲದೆ ಝಾಂಗ್ ಬರೀ ತಮಾಷೆಯ ಮನುಷ್ಯನಾಗಿ ಉಳಿಯುತ್ತಾನೆ, ಮೀಸೆಗೆ ರಕ್ತ ಹಚ್ಚುವ ಧೋಂಡಿಯಾನೂ ಅಷ್ಟೇ.

ಮಾಡ್‌ನ ಫೈಲುಗಳು ಸಾದಾ ಟೆಕ್ಸ್ಟ್, ಯಾರು ಬೇಕಾದರೂ ತೆಗೆದು ನೋಡಬಹುದು. ಹೋದ ವಾರ ಕೂತು ನಾನೇ ಒಂದು ಸಣ್ಣ ಈವೆಂಟ್ ಬರೆದೆ. ಯಾವುದೇ ದೇಶ ಇನ್ನೊಂದನ್ನು ನುಂಗಿದಾಗ ಸೋತವರ ಸೈನ್ಯದ ಒಂದು ಪಾಲು ದಿಕ್ಕಿಲ್ಲದ ಪಡೆಯಾಗಿ ಅಲ್ಲೇ ಎದ್ದು ನಿಲ್ಲಬೇಕು, ಮೂರು ತಿಂಗಳೊಳಗೆ ನಾವು ಕೂಳು ಕೊಡದಿದ್ದರೆ ಪಕ್ಕದ ಪ್ರಾಂತ್ಯಕ್ಕೆ ನುಗ್ಗಬೇಕು. ಮೊದಲ ಸಲ ಓಡಿಸಿದಾಗ 1938ರ ಹೊತ್ತಿಗೆ ಅರ್ಧ ಚೀನಾ ಅವರ ಕೈಗೆ ಹೋಗಿತ್ತು, ಜಿನಾನೂ ಸೇರಿ. ಎಲ್ಲೋ ಒಂದು ಗುಣಾಕಾರ ತಪ್ಪಿದೆ ಅನಿಸುತ್ತದೆ. ಈ ಶನಿವಾರ ನೋಡಬೇಕು, ಅಪ್ಪನನ್ನ ಕಣ್ಣಿನ ಚೆಕಪ್ಪಿಗೆ ಕರಕೊಂಡು ಹೋಗಿ ಬಂದಮೇಲೆ.